ಮಿಸ್ರಾನ್ ಕಟ್ಟಿದ ಎಂಜಿನ್

ಎಂಜಿನ್ ಬಿಚ್ಚಿ ಕಟ್ಟುವುದೋ, ಇಡೀ ಎಂಜಿನ್ನನ್ನೇ ಬದಲಾಯಿಸುವುದೋ ಎಂಬ ಮಾತು ಆ ಮನೆಯಲ್ಲಿ ಮೊದಲು ಎದ್ದದ್ದು ಒಂದು ಸೋಮವಾರ ಸಂಜೆ, ಮಗ್ರಿಬ್ ನಮಾಜು ಮುಗಿಸಿ ಎಲ್ಲರೂ ಊಟಕ್ಕೆ ಕೂತಾಗ. ಚಾಪೆಯ ಮೇಲೆ ಅನ್ನ, ಖಾರಕ್ಕೆ ಬಾಡಿಸಿದ ತೆಂಪೆ, ಹುಣಸೆಹುಳಿಯ ಮೀನಿನ ಸಾರು. ಮನೆಯ ಮಗ ಸುಫ್ಯಾನ್ ಎರಡು ಸಲ ಸೋಪು ಹಾಕಿ ಕೈ ತೊಳೆದಿದ್ದರೂ ಬೆರಳ ಸಂದಿಯ ಕಪ್ಪು ಹೋಗಿರಲಿಲ್ಲ. ಸೆನಾಯ್‌ನ ಕಾರ್ಖಾನೆಯಿಂದ ಕ್ಲುವಾಂಗ್‌ಗೆ ಬರುವ ದಾರಿಯಲ್ಲಿ ಆ ದಿನ ಮೂರು ಕಡೆ ಕಾರು ನಿಲ್ಲಿಸಿ ಎಂಜಿನ್ನಿಗೆ ಆಯಿಲ್ ಸುರಿದುಕೊಂಡು ಬಂದಿದ್ದ. ಹಿಂದಿನ ಲಾರಿಯವನು ಹೊಗೆಯಲ್ಲಿ ದಾರಿ ಕಾಣದೆ ಹಾರ್ನ್ ಒತ್ತಿ ಬೈದುಕೊಂಡು ಹೋದನಂತೆ.

ಅವನು ಅನ್ನ ಕಲಸುತ್ತಲೇ ವಿಷಯ ಎತ್ತಿದ. ಆಯರ್ ಹಿತಾಂನ ಸಾಹುಕಾರ ಲಿಯೋಂಗ್‌ನ ಹಳೇ ಎಂಜಿನ್ ಅಂಗಡಿಗೆ ಹೊಸ ಕಂಟೇನರ್ ಬಂದಿದೆ. ಜಪಾನಿನಲ್ಲಿ ಗುಜರಿಗೆ ಬಿದ್ದ ಕಾರುಗಳ ಮೂತಿಯನ್ನು ಅರ್ಧಕ್ಕೆ ಕೊಯ್ದು ಕಳಿಸುತ್ತಾರಲ್ಲ, ಆ ಹಾಫ್‌ಕಟ್ ಮಾಲು. ಅದರೊಳಗೆ ತನ್ನ ಜಿಟಿಐ ಕಾರಿಗೆ ಸರಿಹೊಂದುವ ಎಂಜಿನ್ ಇದೆ, ಕಾಗದಪತ್ರವೂ ಸರಿಯಾಗಿದೆ. ಶುಕ್ರವಾರ ಇಳಿಸಿದರೆ ಭಾನುವಾರ ಓಡುತ್ತದೆ.

ತಂಗಿ ಮಸ್ತುರಾ ತಂದೆಯ ಮುಖ ನೋಡಿದಳು. ಮಿಸ್ರಾನ್ ಮೀನಿನ ಮುಳ್ಳು ಬಿಡಿಸುತ್ತಿದ್ದವರು ಕೈ ನಿಲ್ಲಿಸಲಿಲ್ಲ.

ಆ ಹಳದಿ ಕಾರಿನ ಎಂಜಿನ್ನನ್ನು ಹದಿನೈದು ವರ್ಷದ ಹಿಂದೆ ಕಟ್ಟಿದವರೇ ಅವರು. ಆಗ ಮನೆಯ ಪಕ್ಕದ ತಗಡಿನ ಚಾವಣಿಯ ಕೆಳಗೆ ಅವರ ಗ್ಯಾರೇಜಿತ್ತು. ಬಾತು ಪಹಾತ್‌ನಿಂದ, ಮುವಾರ್‌ನಿಂದ ಹುಡುಗರು ಎಂಜಿನ್ ಕೆಲಸಕ್ಕೆ ಇವರನ್ನು ಹುಡುಕಿಕೊಂಡು ಬರುತ್ತಿದ್ದರು. ಸುಫ್ಯಾನ್‌ನ ಮದುವೆಯಲ್ಲಿ ಅವರು ಕೊಟ್ಟ ಉಡುಗೊರೆ ಆ ಕಾರು. ನಾಲ್ಕು ವರ್ಷದ ಹಿಂದೆ ಸಕ್ಕರೆ ಕಾಯಿಲೆಗೆ ಕಾಲಿನ ಎರಡು ಬೆರಳು ತೆಗೆದ ಮೇಲೆ ಗ್ಯಾರೇಜು ಮುಚ್ಚಿತು. ಈಗ ಆ ಚಾವಣಿಯ ಕೆಳಗೆ ಬಟ್ಟೆ ಒಣಗಿಸುತ್ತಾರೆ.

"ಜಪಾನಿನೋರು ಬಿಸಾಕಿದ್ದನ್ನ ತಂದು ಹಾಕ್ತೀಯಾ?" ಎಂದರು ಮಿಸ್ರಾನ್ ಕೊನೆಗೆ. "ಅದು ಎಷ್ಟು ಓಡಿದೆ, ಯಾರು ಓಡಿಸಿದಾರೆ, ಯಾರಿಗ್ಗೊತ್ತು?"

"ನಮ್ದು ಎಷ್ಟು ಓಡಿದೆ ಅಂತ ಗೊತ್ತಲ್ಲ ಅಬಾ. ಅದಕ್ಕೇ ಬೇಡ ಅಂತಿರೋದು" ಎಂದ ಮಗ.

ಸೊಸೆ ಲಿಜಾ ನಗು ತಡೆದುಕೊಂಡು ನೀರಿನ ಜಗ್ಗು ತರಲು ಎದ್ದಳು. ಮಿಸ್ರಾನ್ ನಗಲಿಲ್ಲ. ಎಂಜಿನ್ನಿನ ಬ್ಲಾಕ್ ಕಲ್ಲಿನ ಹಾಗಿದೆ, ಹೋಗಿರುವುದು ಪಿಸ್ಟನ್ ಮತ್ತು ರಿಂಗು, ಸಿಲಿಂಡರು ಕೊರೆಸಿ ಬೋರ್ ಮಾಡಿಸಿ ಹೊಸ ಪಿಸ್ಟನ್ ಕೂರಿಸಿದರೆ ಇನ್ನು ಹತ್ತು ವರ್ಷ ತಿರುಗಿ ನೋಡಬೇಕಿಲ್ಲ, ಮೂರು ವಾರ ಸಾಕು, ಕೂಲಿಗೆ ಒಂದು ರಿಂಗಿಟ್ಟೂ ಖರ್ಚಿಲ್ಲ ಎಂದರು. ಮೂರು ವಾರ ನಾನು ಹಾರಿಕೊಂಡು ಹೋಗಲಾ ಎಂದ ಸುಫ್ಯಾನ್. ದಿನಕ್ಕೆ ಹೋಗಿಬರುವುದು ನೂರೈವತ್ತು ಕಿಲೋಮೀಟರು. ಅದೂ ಅಲ್ಲದೆ ಲಿಜಾ ನಾಲ್ಕು ಗಂಟೆಗೇ ಎದ್ದು ಕಟ್ಟುವ, ತೆಂಗಿನಹಾಲಿನ ಅನ್ನದ ಅರವತ್ತು ನಾಸಿ ಲೆಮಾಕ್ ಪೊಟ್ಟಣ ಹೋಗುವುದು ಅದೇ ಕಾರಿನಲ್ಲಿ, ಕಾರ್ಖಾನೆಯ ಗೇಟಿನಲ್ಲಿ ಖರ್ಚಾಗಬೇಕಾದದ್ದು.

ತಾಯಿ ಕಮಿಸಾ ಗಂಡನ ತಟ್ಟೆಗೆ ಅನ್ನ ಬಡಿಸುವಾಗ ಅರ್ಧ ಸೌಟು ಕಡಿಮೆ ಹಾಕಿ, ಮಗನ ಕಡೆ ತಿರುಗಿ, ನನ್ನ ಚೀಟಿ ಹಣ ಈ ತಿಂಗಳು ಬರುತ್ತದೆ, ಸಾಮಾನಿಗೆ ಅದನ್ನು ಕೊಡುತ್ತೇನೆ, ಮೂರು ವಾರ ಅಂದರೆ ಮೂರೇ ವಾರ, ಅಷ್ಟರಲ್ಲಿ ಆಗದಿದ್ದರೆ ಲಿಯೋಂಗ್‌ಗೆ ಹೇಳು ಎಂದಳು. ವಾಷಿಂಗ್ ಮೆಷಿನ್‌ಗೆಂದು ಅವಳು ಒಂದು ವರ್ಷದಿಂದ ಕಟ್ಟುತ್ತಿದ್ದ ಚೀಟಿ ಅದು. ಸುಫ್ಯಾನ್ ಬಾಯಿ ತೆರೆದ.

"ಯಾನ್, ಊಟ ಮಾಡು" ಎಂದಳು ಕಮಿಸಾ.

ಆ ಮಾತಿಗೆ ಆ ಮನೆಯಲ್ಲಿ ಮೇಲ್ಮಾತಿರಲಿಲ್ಲ.

ಮರುದಿನವೇ ಬಟ್ಟೆಯ ಹಗ್ಗ ಬಿಚ್ಚಿದರು. ಕೈಯಾಳು ಯಾರೂ ಇಲ್ಲದ್ದರಿಂದ ಮಸ್ತುರಾ ನಿಂತಳು. ಓದು ಮುಗಿಸಿ ಎಂಟು ತಿಂಗಳಾಗಿತ್ತು. ಬೆಳಿಗ್ಗೆ ಅರ್ಜಿ ಕಳಿಸುವುದು, ಮಧ್ಯಾಹ್ನ ಅತ್ತಿಗೆಗೆ ಬಾಳೆಲೆ ಒರೆಸಿಕೊಡುವುದು, ಉಳಿದ ಹೊತ್ತು ತನ್ನ ಕೋಣೆ. ನೆಂಟರು ಬಂದರೆ ಚಹಾ ಕೊಟ್ಟು ಒಳಗೆ ಹೋಗಿಬಿಡುವವಳು. ಅವಳಿಗೆ ತಂದೆಯ ಹತ್ತಿರದ ಕೆಲಸ ಹಿತವಾಯಿತು, ಏಕೆಂದರೆ ಅಲ್ಲಿ ಹೆಚ್ಚು ಮಾತಿರಲಿಲ್ಲ. ಹದಿನೇಳು ನಂಬರ್ ಸ್ಪ್ಯಾನರ್ ಅಂದರೆ ಹದಿನೇಳು ಕೊಡಬೇಕು. ಬಿಚ್ಚಿದ ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಂದ ಸಾಲಿನಲ್ಲೇ ಹಳೆ ಹಾಸಿಗೆ ಬಟ್ಟೆಯ ಮೇಲೆ ಜೋಡಿಸಬೇಕು. ಮಿಸ್ರಾನ್ ಬೋಲ್ಟು ಕಳಚುವಾಗ ಬಾಯಲ್ಲಿ ಏನೋ ಗುನುಗುತ್ತಿದ್ದರು. ಅವರು ಗುನುಗಿದ್ದನ್ನು ಕೇಳಿ ಎಷ್ಟು ವರ್ಷವಾಯಿತೆಂದು ಕಮಿಸಾ ಅಡುಗೆಮನೆಯ ಕಿಟಕಿಯಿಂದ ಇಣುಕಿ ನೋಡಿ ಹೋದಳು.

ಎಂಜಿನ್ನಿನ ಹೆಡ್ ಎತ್ತಿದ ದಿನ ಸಂಜೆ ಕಮಿಸಾ ಸಕ್ಕರೆ ಹಾಕದ ಕಾಫಿ ತಂದಿಟ್ಟಳು. ಗಾಜಿನ ಲೋಟ, ಆಗತಾನೆ ಕುದಿಸಿದ ಕಾಫಿ. ಮಿಸ್ರಾನ್ ಅದನ್ನು ಇಡಿಯಾಗಿ ಅಂಗೈಯಲ್ಲಿ ಹಿಡಿದು, ಬ್ಲಾಕನ್ನು ನೋಡುತ್ತ ನಿಂತೇ ಇದ್ದರು. ಮಸ್ತುರಾ ತನ್ನ ಲೋಟವನ್ನು ಸೆರಗಿನಂತೆ ತಲೆವಸ್ತ್ರದ ತುದಿ ಸುತ್ತಿ ಹಿಡಿದುಕೊಂಡಿದ್ದಳು. ಅವಳಿಗೆ ಅಷ್ಟಾದರೂ ಸುಡುತ್ತಿತ್ತು.

"ಸುಡಲ್ವಾ ಅಬಾ?"

ಅವರು ಲೋಟ ನೋಡಿಕೊಂಡರು, ಅದು ಯಾವಾಗ ಕೈಗೆ ಬಂತೋ ಎಂಬ ಹಾಗೆ. ಆಮೇಲೆ ಪಕ್ಕದ ಡ್ರಮ್ಮಿನ ಮೇಲಿಟ್ಟು, "ಗ್ಯಾರೇಜಿನೋರ ಕೈ, ದಪ್ಪ ಚರ್ಮ" ಎಂದರು.

ಎರಡನೆಯ ವಾರ ಎಲ್ಲವೂ ಎಳೆಯತೊಡಗಿತು. ಪೇಟೆಯ ಚೋಂಗ್ ಎಂಬುವನ ಲೇತ್ ಅಂಗಡಿಯಲ್ಲಿ ಬ್ಲಾಕ್ ಬೋರ್ ಆಗಲು ಎರಡು ದಿನ ಅಂದದ್ದು ಐದು ದಿನವಾಯಿತು. ಪಿಸ್ಟನ್ ಸೆಟ್ಟು ಕ್ವಾಲಾಲಂಪುರದಿಂದ ಬರಬೇಕಿತ್ತು. ಬಂದದ್ದು ತಪ್ಪು ಅಳತೆಯದು, ವಾಪಸು ಹೋಯಿತು. ಸುಫ್ಯಾನ್ ಜೊತೆಯವನೊಬ್ಬನ ಬೈಕಿನ ಹಿಂದೆ ಕೂತು ಹೋಗುತ್ತಿದ್ದ. ಪೊಟ್ಟಣ ಇಪ್ಪತ್ತಕ್ಕೆ ಇಳಿಯಿತು, ಅದೂ ಬೆನ್ನಚೀಲದಲ್ಲಿ. ಒಂದು ದಿನ ಖಾರದ ಸಾಂಬಾಲ್ ಚಟ್ನಿ ಸೋರಿ ಅವನ ಕಾರ್ಖಾನೆಯ ಅಂಗಿಗೆ ಕೆಂಪು ನಕ್ಷೆ ಬಿತ್ತು. ಲಿಜಾ ಮಿಕ್ಕ ಅನ್ನವನ್ನು ಹುರಿದು ಮಧ್ಯಾಹ್ನಕ್ಕೂ ಅದೇ, ಸಂಜೆಗೂ ಅದೇ ಬಡಿಸಿದಳು. 

ಹದಿನಾಲ್ಕನೆಯ ದಿನ ಅವನು ಮಳೆಗೆ ತೊಯ್ದು ತೊಪ್ಪೆಯಾಗಿ ಬಂದ. ಶೂ ಕಳಚದೆ ನೇರ ತಗಡಿನ ಚಾವಣಿಯ ಕೆಳಗೆ ಬಂದು ನಿಂತ. ತಿಂಗಳಲ್ಲಿ ಎರಡು ಸಲ ತಡವಾಗಿದೆ, ಲೈನಿನ ಮೇಲ್ವಿಚಾರಕನ ಜಾಗಕ್ಕೆ ತನ್ನ ಹೆಸರು ಹೋಗಿದೆ, ಇನ್ನೊಂದು ಸಲ ತಡವಾದರೆ ಹೆಸರು ಹೊಡೆದುಹಾಕುತ್ತಾರೆ ಎಂದ. ಲಿಯೋಂಗ್‌ಗೆ ಇನ್ನೂರು ರಿಂಗಿಟ್ ಮುಂಗಡ ಕೊಟ್ಟು ಬಂದಿದ್ದೇನೆ ಎಂದೂ ಸೇರಿಸಿದ.

"ಮೂರು ವಾರ ಅಂತ ಮಾತಾಗಿತ್ತು" ಎಂದರು ಮಿಸ್ರಾನ್.

"ಆಗಿತ್ತು. ಶನಿವಾರ ಮೂರನೇ ವಾರ ಮುಗಿಯುತ್ತೆ. ಅವತ್ತು ಶುರುವಾಗಿಲ್ಲ ಅಂದ್ರೆ ಭಾನುವಾರ ಲಿಯೋಂಗ್‌ನೋರು ಬರ್ತಾರೆ. ನಿಮ್ಗೂ ಗೊತ್ತಿದೆ ಅಬಾ. ಊರಲ್ಲಿ ಈಗ ಯಾರು ಎಂಜಿನ್ ಕಟ್ಟಿಸ್ತಾರೆ? ಕಟ್ಟಿಸಿದ್ರೂ ನಿಮ್ಮ ಹತ್ರ ಯಾರು ಕಟ್ಟಿಸ್ತಾರೆ?"

ಕೊನೆಯ ಮಾತು ಬೇಡವಾಗಿತ್ತೆಂದು ಅವನಿಗೇ ಅನ್ನಿಸಿರಬೇಕು. ಒಳಗೆ ಹೋಗಿ ಲಿಜಾಳ ಮೇಲೆ ಟವೆಲ್ ಎಲ್ಲಿ ಎಂದು ರೇಗಿದ. ಮಿಸ್ರಾನ್ ಆ ದಿನ ಮತ್ತೆ ಗುನುಗಲಿಲ್ಲ.

ಗುರುವಾರ ಬ್ಲಾಕೂ ಸರಿಯಾದ ಪಿಸ್ಟನ್ನೂ ಬಂದವು. ಇನ್ನು ಉಳಿದದ್ದು ಎಂಜಿನ್ನಿನೊಳಗೆ ತಿರುಗುವ ದಂಡ, ಕ್ರಾಂಕ್, ನೋಡುವುದು.

ಪಿಸ್ಟನ್ ರಾಡುಗಳ ಬುಡ ಕ್ರಾಂಕನ್ನು ಹಿಡಿಯುವ ನಾಲ್ಕು ಜಾಗ ಕನ್ನಡಿಯ ಹಾಗಿರಬೇಕು. ಬೇರೆ ಗ್ಯಾರೇಜಿನವರು ಅದನ್ನು ಲೇತ್ ಅಂಗಡಿಗೆ ಒಯ್ದು ಅಳೆಸುತ್ತಿದ್ದರು. ಮಿಸ್ರಾನ್ ಎಂದೂ ಒಯ್ದವರಲ್ಲ. ಕಣ್ಣು ಮುಚ್ಚಿ, ಹೆಬ್ಬೆರಳ ಉಗುರನ್ನು ಆ ಜಾಗದ ಮೇಲೆ ಅಡ್ಡಲಾಗಿ ಎಳೆಯುವರು. ಉಗುರು ಎಲ್ಲೂ ಸಿಕ್ಕಿಕೊಳ್ಳದಿದ್ದರೆ ಕ್ರಾಂಕ್ ಸರಿ. ಸಿಕ್ಕಿಕೊಂಡರೆ ಲೇತಿನಲ್ಲಿ ಕಡೆಸಬೇಕು, ಅದಕ್ಕೆ ತಕ್ಕ ಬೇರೆ ಅಳತೆಯ ಬೇರಿಂಗ್ ತರಿಸಬೇಕು. ಅವರ ಉಗುರು ನೋಡಿದ ಕ್ರಾಂಕಿಗೆ ಅಳತೆ ಬೇಡವೆಂದು ಆ ಚೋಂಗ್‌ನೇ ಗಿರಾಕಿಗಳಿಗೆ ಹೇಳಿಕಳಿಸುತ್ತಿದ್ದ ಕಾಲವಿತ್ತು.

ಮಸ್ತುರಾ ಕ್ರಾಂಕನ್ನು ಒರೆಸಿ ಎರಡು ಮರದ ತುಂಡಿನ ಮೇಲಿಟ್ಟಳು. ಮಿಸ್ರಾನ್ ಒಂದನೆಯ ಜಾಗ ನೋಡಿದರು, ಎರಡನೆಯದು ನೋಡಿದರು. ಮೂರನೆಯದರ ಮೇಲೆ ಉಗುರು ಒಂದು ಸಲ ಎಳೆದರು, ಇನ್ನೊಂದು ಸಲ ಎಳೆದರು. ಹೆಬ್ಬೆರಳು ಬಿಟ್ಟು ತೋರುಬೆರಳಿನಿಂದ ನೋಡಿದರು. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ನೋಡಿದರು. ನಾಲ್ಕನೆಯದನ್ನೂ ಮುಗಿಸಿದರು. ಆಮೇಲೆ, ನಲವತ್ತು ವರ್ಷದಲ್ಲಿ ಯಾರಿಗೂ ಹೇಳದ ಮಾತು ಹೇಳಿದರು.

"ಮಸ್, ನೀನೂ ಒಂದ್ಸಲ ನೋಡು."

"ನಂಗೇನು ಗೊತ್ತಾಗುತ್ತೆ ಅಬಾ?"

"ಗೊತ್ತಾಗೋಕೆ ಏನಿದೆ. ಉಗುರು ಎಳಿ, ಅಷ್ಟೇ."

ಅವಳು ಎಳೆದಳು. ಒಂದನೆಯದು ಗಾಜು. ಎರಡನೆಯದು ಗಾಜು. ಮೂರನೆಯದರ ನಡುವೆ ಉಗುರು ಚಿಟುಕ್ಕೆಂದು ನಿಂತು ಮುಂದೆ ಹೋಯಿತು. ಹಿಂದಕ್ಕೆ ಎಳೆದಳು, ಅದೇ ಜಾಗದಲ್ಲಿ ಮತ್ತೆ ನಿಂತಿತು. ಬಗ್ಗಿ ನೋಡಿದರೆ ಕಂಡೂ ಕಾಣದ ಒಂದು ಗೆರೆ, ಕೂದಲೆಳೆಯಷ್ಟು. ನಾಲ್ಕನೆಯದು ಗಾಜು.

ತಲೆಯೆತ್ತಿದಾಗ ಮಿಸ್ರಾನ್ ಅವಳನ್ನೇ ನೋಡುತ್ತಿದ್ದರು. ಕಡೆಸಿ ಬೇರಿಂಗ್ ತರಿಸಲು ಕಡಿಮೆಯೆಂದರೂ ಹತ್ತು ದಿನ. ಶನಿವಾರಕ್ಕೆ ಎರಡೇ ದಿನ.

"ನುಣ್ಣಗಿದೆಯಲ್ಲ?" ಎಂದರು.

"ನುಣ್ಣಗಿದೆ ಅಬಾ" ಎಂದಳು ಮಸ್ತುರಾ.

ಅವರು ಎದ್ದರು. ಇಷ್ಟು ದಿನ ಬಾಗಿದ್ದ ಬೆನ್ನು ನೆಟ್ಟಗಾಯಿತು. ಬೇರಿಂಗಿನ ಡಬ್ಬಿ ಒಡೆಯಲು ಹೇಳಿದರು. ತಾನೇ ತಪ್ಪಾಗಿ ನೋಡಿರಬಹುದು, ತನಗೆ ಈ ಕೆಲಸ ತಿಳಿಯದು, ಚಹಾ ಹೊತ್ತಿಗೆ ಹೇಳಿದರಾಯಿತು ಎಂದು ಅವಳು ಅಂದುಕೊಂಡಳು. ಚಹಾ ಹೊತ್ತಿಗೆ ಕ್ರಾಂಕ್ ಬ್ಲಾಕಿನಲ್ಲಿ ಕೂತಿತ್ತು. ಮಿಸ್ರಾನ್ ಬೋಲ್ಟು ಬಿಗಿಯುವುದು ಅಳತೆಯ ಸ್ಪ್ಯಾನರಿನಿಂದಲ್ಲ, ಮೊಣಕೈಯ ಅಂದಾಜಿನಿಂದ. ಒಂದೊಂದು ಬೋಲ್ಟಿನ ಕೊನೆಯ ಸುತ್ತಿಗೆ ಬಿಸ್ಮಿಲ್ಲಾ ಹೇಳಿ ಬಿಗಿದರು. ಅವಳು ಬೋಲ್ಟು ಕೊಡುತ್ತ ಹೋದಳು.

ಶನಿವಾರ ಕಮಿಸಾ ಅರಿಸಿನ ಹಾಕಿ ಹಳದಿ ಅಂಟಕ್ಕಿಯ ಅನ್ನ ಮಾಡಿದಳು, ಕೋಳಿ ರೆಂಡಾಂಗ್ ಮಾಡಿದಳು. ಸಂಜೆಯ ಅಸರ್ ನಮಾಜು ಆದ ಮೇಲೆ ಕೇರಿಯ ಪ್ರಾರ್ಥನಾಮಂದಿರ ಸುರಾವಿನಿಂದ ಆರೇಳು ಜನ ಬಂದರು, ಚಾಪೆ ಹಾಸಿ ಕೂತು ದುವಾ ಮಾಡಿದರು. ಕಾರಿನ ಮುಂದೆ ದುವಾ ಕೇಳುವುದು ಇದೇ ಮೊದಲು ಎಂದು ಇಮಾಮರು ನಕ್ಕರು. ಕಾರು ಓಡಿಸುವವನಿಗೆ ಕೇಳಿದೆ, ಎಂಜಿನ್ನಿಗೆ ಅದನ್ನು ಕಟ್ಟಿದವನೇ ಜವಾಬ್ದಾರ ಎಂದರು. ಸುಫ್ಯಾನ್ ಕೀಲಿ ತಿರುಗಿಸಿದ. ಎರಡು ಸಲ ಗೊರಗೊರ ಅಂದು ಮೂರನೆಯ ಸಲಕ್ಕೆ ಹಿಡಿಯಿತು. ಹೊಗೆಯಿಲ್ಲ. ಮಿಸ್ರಾನ್ ಬಾನೆಟ್ಟಿಗೆ ಕಿವಿಕೊಟ್ಟು ನಿಂತವರು ಬೆರಳೆತ್ತಿ, ಇನ್ನೂ ರೇಸ್ ಕೊಡು ಎಂದು ಸನ್ನೆ ಮಾಡಿದರು. ಆ ಸದ್ದಿಗೆ ಪಕ್ಕದ ಮನೆಯವನು, ಬಕ್ರಿ, ತಟ್ಟೆ ಹಿಡಿದುಕೊಂಡೇ ಓಡಿ ಬಂದ.

ಒಂದು ಸುತ್ತು ಹೋಗಿ ಬಂದ ಸುಫ್ಯಾನ್ ತಂದೆಯ ಮುಂಗೈ ಹಿಡಿದು ಮುತ್ತಿಟ್ಟ. ಲಿಯೋಂಗ್‌ಗೆ ಕೊಟ್ಟ ಇನ್ನೂರು ಹೋಗಲಿ ಬಿಡಿ ಎಂದ. ಬಕ್ರಿ ತನ್ನ ವ್ಯಾನಿನ ಹೆಡ್ ಬಿಸಿಯಾಗಿ ಬಾಗಿದೆ, ನೋಡಿಕೊಡುತ್ತೀರಾ ಎಂದು ಕೇಳಿದ.

"ತಂದಿಡು" ಎಂದರು ಮಿಸ್ರಾನ್. "ಅವಸರ ಮಾಡ್ಬಾರ್ದು ಮಾತ್ರ. ಈಗ ನಂಗೆ ಕೆಲಸ ಇದೆ."

ಎಲ್ಲರೂ ನಕ್ಕರು. ಮಸ್ತುರಾ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಹನ್ನೊಂದು ದಿನ ಕಾರು ಹೂವಿನ ಹಾಗೆ ಓಡಿತು. ಪೊಟ್ಟಣ ಮತ್ತೆ ಅರವತ್ತಾಯಿತು. ಮಿಸ್ರಾನ್ ಬೆಳಿಗ್ಗೆ ಎದ್ದು ಕೂದಲು ಬಾಚಿಕೊಂಡು ತಗಡಿನ ಚಾವಣಿಯ ಕೆಳಗೆ ಹೋಗುತ್ತಿದ್ದರು, ಬಕ್ರಿಯ ಹೆಡ್ಡನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ಮಾತ್ರೆಯನ್ನು ನೆನಪಿಸದೆ ತೆಗೆದುಕೊಂಡರು. ಕಮಿಸಾ ಬಟ್ಟೆಗೆ ಹಿತ್ತಲಲ್ಲಿ ಬೇರೆ ಹಗ್ಗ ಕಟ್ಟಿದಳು, ಕೈಯಲ್ಲೇ ಒಗೆದಳು. ಮಸ್ತುರಾ ಪ್ರತಿ ಸಂಜೆ ಕಾರು ಬರುವ ಹೊತ್ತಿಗೆ ಗೇಟಿನ ಹತ್ತಿರ ಹೂಗಿಡಕ್ಕೆ ನೀರು ಹಾಕುತ್ತ ನಿಲ್ಲುವಳು. ಸದ್ದು ಸರಿಯಿದೆಯೆಂದು ಕೇಳಿದ ಮೇಲೆ ನಲ್ಲಿ ನಿಲ್ಲಿಸಿ ಒಳಗೆ ಹೋಗುವಳು.

ಹನ್ನೊಂದನೆಯ ಸಂಜೆ ಊಟಕ್ಕೆ ಕೂತಿದ್ದಾಗ ಕಾರು ಅಂಗಳಕ್ಕೆ ಬಂತು. ಮಿಸ್ರಾನ್ ಬಾಯಿಗೆ ಒಯ್ದ ತುತ್ತು ಅಲ್ಲೇ ನಿಲ್ಲಿಸಿದರು. ಉಳಿದವರಿಗೆ ಏನೂ ಕೇಳಿಸಿರಲಿಲ್ಲ. ಸುಫ್ಯಾನ್ ಒಳಗೆ ಬರುತ್ತಿದ್ದ ಹಾಗೇ, ನಾಳೆ ಕಾರು ತೆಗೆಯಬೇಡ, ಕೆಳಗಡೆ ಒಂದು ಸಣ್ಣ ತಟ್ಟು ಬರುತ್ತಿದೆ, ಬಿಚ್ಚಿ ನೋಡಬೇಕು ಎಂದರು.

ಸುಫ್ಯಾನ್ ನಿಂತಲ್ಲೇ ಕಣ್ಣು ಮುಚ್ಚಿ ತೆರೆದ. ನಾಳೆ ಮೇಲ್ವಿಚಾರಕನ ಜಾಗದ ಸಂದರ್ಶನ, ಏಳೂವರೆಗೆ. ನಾಳೆಯೊಂದು ದಿನ ಹೋಗಿಬಂದುಬಿಡುತ್ತೇನೆ, ನಿಧಾನವಾಗಿ ಹೋಗುತ್ತೇನೆ ಎಂದ. ಬೇಡ ಎಂದರು ಮಿಸ್ರಾನ್. ಹನ್ನೊಂದು ದಿನಕ್ಕೇ ಬಿಚ್ಚುವುದಾದರೆ ಕಟ್ಟಿದ್ದು ಯಾಕೆ ಎಂದು ಅವನು ಕೇಳಿದ. ಮಿಸ್ರಾನ್ ತುತ್ತನ್ನು ತಟ್ಟೆಗೆ ಹಾಕಿ ಕೈ ತೊಳೆಯಲು ಎದ್ದರು.

ಬೆಳಿಗ್ಗೆ ಅವನು ಹೋದ. ಆರೂವರೆಗೆ ಲಿಜಾಳ ಫೋನ್ ಬಡಿದುಕೊಂಡಿತು. ಸಿಂಪಾಂಗ್ ರೆಂಗಾಂ ದಾಟಿ ಹೆದ್ದಾರಿಯ ಬದಿಯಲ್ಲಿ ಕಾರು ನಿಂತಿತ್ತು. ರಾಡು ಮುರಿದು ಬ್ಲಾಕಿನ ಹೊಟ್ಟೆ ಒಡೆದು ಹೊರಗೆ ಬಂದಿತ್ತು. ಎಳೆಯುವ ಲಾರಿಯವನು ಸಂದುಗಳನ್ನೆಲ್ಲ ಸುತ್ತಿ ಕಾರನ್ನು ಅಂಗಳಕ್ಕೆ ತಂದು ಇಳಿಸುವಾಗ ಒಂಬತ್ತೂವರೆ. ಹಿಂದಿನ ಸೀಟಿನಲ್ಲಿ ಅರವತ್ತು ಪೊಟ್ಟಣ ಹಾಗೇ ಇದ್ದವು.

ಮಿಸ್ರಾನ್ ಮಂಡಿಯೂರಿ, ಕಾರಿನ ಕೆಳಗೆ ಟಾರ್ಚು ಬಿಟ್ಟು ನೋಡಿದರು. ಮುಷ್ಟಿ ತೂರುವಷ್ಟು ದೊಡ್ಡ ತೂತು. ಮೂರನೆಯ ರಾಡು.

ಸುಫ್ಯಾನ್ ಜಗಳ ಮಾಡಲಿಲ್ಲ. ಕೂಗಿದ್ದರೆ ಕಮಿಸಾ ತಡೆಯುತ್ತಿದ್ದಳೇನೋ. ಅವನು ಮೆಟ್ಟಿಲ ಮೇಲೆ ಕೂತು, ತಂದೆಯ ಬೆನ್ನಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದ.

"ಮೊನ್ನೆ ಬಿಸಿ ಬಾಣಲೆ ಬರಿಗೈಯಲ್ಲಿ ಎತ್ತಿದ್ರಿ. ಲಿಜಾ ನೋಡಿದ್ಲು. ನಿಮ್ಮ ಕೈಗೆ ಏನೂ ಗೊತ್ತಾಗಲ್ಲ ಅಬಾ. ಇದು ನಿಮ್ಗೂ ಗೊತ್ತಿತ್ತು. ಗೊತ್ತಿದ್ದೂ ನನ್ನನ್ನ ಅದರಲ್ಲಿ ಕೂರಿಸಿದ್ರಿ. ನೂರಾ ಹತ್ತರಲ್ಲಿ ಹೋಗ್ತಿದ್ದೆ. ಹಿಂದೆ ಟ್ರೇಲರ್ ಇತ್ತು."

ಮಿಸ್ರಾನ್ ಮಂಡಿಯೂರಿದಲ್ಲಿಂದ ಏಳಲಿಲ್ಲ. "ಹೌದು" ಎಂದರು. "ನಂದೇ ತಪ್ಪು."

ಮಸ್ತುರಾ ಬಾಗಿಲ ಹಿಂದೆ ನಿಂತಿದ್ದಳು. ಹೊರಬಂದು ಹಿಂದಿನ ಸೀಟಿನ ಪೊಟ್ಟಣಗಳನ್ನು ಎತ್ತಿಕೊಳ್ಳತೊಡಗಿದಳು.

ಲಿಯೋಂಗ್‌ನ ಇಬ್ಬರು ಕೆಲಸಗಾರರು ಎರಡೇ ದಿನದಲ್ಲಿ ಕೆಲಸ ಮುಗಿಸಿದರು. ಒಳ್ಳೆಯವರು. ಅಂಕಲ್, ಸರಪಳಿ ಈ ತೊಲೆಗೆ ಹಾಕಬಹುದಾ ಎಂದು ಕೇಳಿಯೇ ಹಾಕಿದರು. ಮಿಸ್ರಾನ್ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನೋಡಿದರು, ಸ್ಪ್ಯಾನರ್ ಕೇಳಿದರೆ ಕೊಟ್ಟರು. ಒಡೆದ ಬ್ಲಾಕನ್ನು ಅವರೇ ಗುಜರಿಗೆ ಒಯ್ದರು. ಈ ಸಲ ಅಂಟಕ್ಕಿಯ ಅನ್ನವಿರಲಿಲ್ಲ. ಸುಫ್ಯಾನ್ ಕೀಲಿ ತಿರುಗಿಸಿದ, ಮೊದಲ ಸಲಕ್ಕೇ ಹಿಡಿಯಿತು. ಸಾರಿಗೆ ಕಚೇರಿಯಲ್ಲಿ ಎಂಜಿನ್ ನಂಬರ್ ಬದಲಾಯಿಸಿಕೊಂಡು ಬಂದು ಕಾಗದವನ್ನು ಬೀರುವಿನಲ್ಲಿಟ್ಟ. ಮೇಲ್ವಿಚಾರಕನ ಜಾಗ ಬೇರೆಯವನಿಗೆ ಹೋಗಿತ್ತು. ಹೊಸ ಎಂಜಿನ್ನಿನ ಸಾಲಕ್ಕೆ ಲಿಜಾ ಚಿನ್ನದ ಬಳೆ ಬಿಚ್ಚಿಕೊಟ್ಟಳು. ಅಂದಿನಿಂದ ಸುಫ್ಯಾನ್, ಲಿಜಾ ಇಬ್ಬರೂ ಬೇರೆ ಹೊತ್ತಿಗೆ ಊಟಕ್ಕೆ ಕೂರತೊಡಗಿದರು. ಸೆನಾಯ್ ಹತ್ತಿರವೇ ಒಂದು ಕೋಣೆ ನೋಡಿದ್ದಾರಂತೆ ಎಂದು ಕಮಿಸಾ ಮಗಳಿಗೆ ಹೇಳಿದ್ದು, ಈರುಳ್ಳಿ ಹೆಚ್ಚುವಾಗ.

ಆಗಲೇ ಮಸ್ತುರಾ ಹೇಳಿಕೊಂಡಳು. ಉಗುರು ತಾಗಿದ್ದು, ತಾನು ನುಣ್ಣಗಿದೆ ಅಂದದ್ದು, ಎಲ್ಲ. ಕಮಿಸಾ ಚಾಕು ಕೆಳಗಿಟ್ಟಳು. ಬಹಳ ಹೊತ್ತು ಹಿತ್ತಲ ಹಗ್ಗದ ಮೇಲಿನ ಬಟ್ಟೆಗಳನ್ನು ನೋಡಿದಳು. ಬಯ್ಯುತ್ತಾಳೆಂದು ಮಸ್ತುರಾ ಕಾದಳು, ಬಯ್ದರೆ ಸಾಕೆಂದು ಕಾದಳು.

"ಅವರಿಗೆ ಹೇಳ್ಬೇಡ" ಎಂದಳು ತಾಯಿ. "ಕೈ ಕೈಕೊಡ್ತು ಅಂತ ಅಂದ್ಕೊಂಡಿದಾರೆ. ಅದನ್ನ ಹೇಗೋ ತಡ್ಕೋತಾರೆ. ಮಗಳಿಗೆ ಗೊತ್ತಿದ್ದೂ ಕನಿಕರಕ್ಕೆ ಸುಳ್ಳು ಹೇಳಿದ್ಲು ಅಂತ ಗೊತ್ತಾದ್ರೆ ತಡ್ಕೊಳಲ್ಲ."

ಮತ್ತೆ ಚಾಕು ಎತ್ತಿಕೊಂಡಳು.

ಸುಫ್ಯಾನ್ ಮತ್ತು ಲಿಜಾ ಹಾಸಿಗೆ, ಅನ್ನದ ಕುಕ್ಕರು, ಎರಡು ಚೀಲ ಕಾರಿಗೆ ತುಂಬಿಕೊಂಡು ಹೋದ ಭಾನುವಾರ, ಅಸರ್ ಹೊತ್ತಿಗೆ, ಮಿಸ್ರಾನ್ ತಗಡಿನ ಚಾವಣಿಯ ಕೆಳಗೆ ನೆಲದ ಎಣ್ಣೆಯ ಮೇಲೆ ಮರದ ಹೊಟ್ಟು ಚೆಲ್ಲಿ ಗುಡಿಸುತ್ತಿದ್ದರು. ಮಸ್ತುರಾ ಹೋಗಿ ಪೊರಕೆ ಇಸಿದುಕೊಂಡಳು. ಅವರು ಕುರ್ಚಿಯಲ್ಲಿ ಕೂತರು. ಬಕ್ರಿಯ ವ್ಯಾನಿನ ಹೆಡ್ ಬೆಂಚಿನ ಮೇಲಿತ್ತು.

"ಮಸ್, ಒಂದು ಕೇಳ್ತೀನಿ, ನಿಜ ಹೇಳು" ಎಂದರು. "ಆ ದಿನ, ಮೂರನೇದು. ನಿನ್ನ ಉಗುರಿಗೆ ಏನಾದ್ರೂ ತಾಗಿತ್ತಾ?"

ಅವಳು ಪೊರಕೆ ನಿಲ್ಲಿಸಲಿಲ್ಲ.

"ಇಲ್ಲ ಅಬಾ."

ಅವರು ಉಸಿರು ಬಿಟ್ಟರು. ಸಮಾಧಾನದ ಉಸಿರೆಂದು ಅವಳು ತಿಳಿದಳು. ಅವರ ಕೈಗಳು ತೊಡೆಯ ಮೇಲೆ ಅಂಗಾತ ಬಿದ್ದಿದ್ದವು, ಎರಡು ಬೆರಳ ತುದಿಯಲ್ಲಿ ಮಾಗದ ಸುಟ್ಟ ಗಾಯ.

"ತಾಗಿದ್ರೆ ಚೆನ್ನಾಗಿತ್ತು" ಎಂದರು. "ಇಷ್ಟು ದಿನ ಅದೇ ಇರ್ಲಿ ಅಂತ ಬೇಡ್ಕೋತಿದ್ದೆ. ಬೆರಳು ಸತ್ತಿದೆ, ಅದು ಹಳೇ ವಿಷ್ಯ. ಬೆರಳೊಂದೇ ಆಗಿದ್ರೆ ನಿನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಕೆಲಸ ಮಾಡಬಹುದಿತ್ತು. ನೀನು ಮುಟ್ಟಿ ಹೇಳೋದು, ನಾನು ಕಟ್ಟೋದು. ಬಕ್ರಿ ಹೆಡ್ಡನ್ನ ಹಾಗೇ ಮಾಡೋಣ ಅಂತಿದ್ದೆ." ಬೆಂಚಿನ ಮೇಲಿನ ಹೆಡ್ಡನ್ನು ನೋಡಿ, "ಕ್ರಾಂಕ್ ಸರಿಯಿತ್ತು ಅಂದ್ಮೇಲೆ ನಾನು ಕಟ್ಟಿದ್ದೇ ತಪ್ಪು. ಬಿಗಿ ಸಾಲದಾಯ್ತೋ, ಹೆಚ್ಚಾಯ್ತೋ. ಅದು ಬೆರಳಿನ ಮಾತಲ್ಲ. ನಂಗೆ ಕೆಲಸಾನೇ ಮರೆತುಹೋಗಿದೆ" ಎಂದರು.

ಪೊರಕೆ ನಿಂತಿತು.

"ತಾಗಿತ್ತು ಅಬಾ" ಎಂದಳು ಮಸ್ತುರಾ. "ಕೂದಲೆಳೆಯಷ್ಟು ಗೆರೆ ಇತ್ತು. ಎರಡು ಸಲ ಎಳೆದೆ, ಎರಡು ಸಲಾನೂ ತಾಗ್ತು. ನಾನೇ ಹೇಳ್ಲಿಲ್ಲ."

ಮಿಸ್ರಾನ್ ಅವಳ ಮುಖ ನೋಡಿದರು. ಅವರ ಮುಖದಲ್ಲಿ ಒಂದು ನಗು ಬಂತು, ಚಿಕ್ಕ ಮಕ್ಕಳು ತಮ್ಮ ಪಾಲಿನ ತಿಂಡಿಯನ್ನು ಮುಂದೆ ಚಾಚಿದಾಗ ದೊಡ್ಡವರು ನಗುವಂಥದ್ದು.

"ನಿಮ್ಮಮ್ಮ ಹೇಳ್ಕೊಟ್ಲಾ?"

"ಇಲ್ಲ. ನಿಜವಾಗ್ಲೂ ತಾಗಿತ್ತು. ಶನಿವಾರ ಹತ್ರ ಇತ್ತಲ್ಲ, ನೀವು ಹಾಗೆ ನೋಡ್ತಿದ್ರಲ್ಲ, ಅದಕ್ಕೇ..."

"ಸಾಕು ಮಸ್. ನನ್ನ ಸಮಾಧಾನಕ್ಕೆ ಅಂತ ತಪ್ಪನ್ನ ನಿನ್ನ ಮೇಲೆ ಹಾಕ್ಕೋಬೇಡ. ಚಿಕ್ಕವಳಿದ್ದಾಗಿಂದ್ಲೂ ನಿಂಗೆ ಸುಳ್ಳು ಹೇಳಕ್ಕೆ ಬರಲ್ಲ."

ಅವಳು ಮತ್ತೆ ಹೇಳಿದಳು. ಗೆರೆ ಎಲ್ಲಿತ್ತು, ಬೆಳಕಿಗೆ ಹಿಡಿದರೆ ಹೇಗೆ ಕಾಣುತ್ತಿತ್ತು, ಎಲ್ಲ ಹೇಳಿದಳು. ಅಷ್ಟು ಮಾತನ್ನು ಅವಳು ಒಟ್ಟಿಗೆ ಆಡಿದ್ದೇ ಕಡಿಮೆ. ಹೇಳುತ್ತ ಹೋದಷ್ಟೂ ಅವರು ತಲೆಯಾಡಿಸುತ್ತ ಹೋದರು, ಅವಳ ತಲೆಯ ಮೇಲೆ ಒಮ್ಮೆ ಕೈಯಿಟ್ಟು ತೆಗೆದರು. ಆಮೇಲೆ ಜೇಬಿನಿಂದ ಫೋನ್ ತೆಗೆದು ಗಾಜಿನ ಮೇಲೆ ಬೆರಳು ಒತ್ತಿದರು. ಎರಡು ಸಲ ತಪ್ಪು ಕಡೆ ಒತ್ತಿತು. ಫೋನನ್ನು ಅವಳ ಕೈಗೆ ಕೊಟ್ಟು, ಬಕ್ರಿಗೆ ಹಚ್ಚಿಕೊಡು ಎಂದರು.

ಅವಳು ಹಚ್ಚಿಕೊಟ್ಟಳು.

"ಬಕ್ರಿ, ನಿನ್ನ ಹೆಡ್ ತಗೊಂಡು ಹೋಗಿಬಿಡು" ಎಂದರು ಮಿಸ್ರಾನ್. "ಆ ಚೋಂಗ್ ಹತ್ರ ಕೊಡು, ಮಾಡ್ಕೊಡ್ತಾನೆ." ಆಚೆಯಿಂದ ಬಕ್ರಿ ಏನೋ ಕೇಳಿದ. "ಇಲ್ಲ ಇಲ್ಲ, ಸಕ್ಕರೆ ಏನೂ ಜಾಸ್ತಿಯಾಗಿಲ್ಲ. ಆರೋಗ್ಯವಾಗೇ ಇದೀನಿ. ಕೆಲಸ ಬರಲ್ಲ, ಅಷ್ಟೇ."